ಚಿತ್ರ ನೋಡು, ಕಥೆ ಹೇಳು ಪುಟ್ಟಾ!

ನಿಮ್ಮ ಮನೆಯಲ್ಲೂ ಹೀಗೇ ಆಗಿರಬಹುದು. ರಾತ್ರಿ ಎಂಟು ಗಂಟೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ನಾಳೆಗೆ ದೋಸೆ ಹಿಟ್ಟು ರುಬ್ಬುವುದು ಇನ್ನೂ ಬಾಕಿ. ಆ ಹೊತ್ತಿಗೆ ಸರಿಯಾಗಿ ಮಗರಾಯ ಬಂದು, “ಅಮ್ಮಾ, ಯಾವುದಾದ್ರೂ ಚಿತ್ರ ನೋಡಿ ಒಂದು ಕಥೆ ಬರ್ಕೊಂಡು ಬಾ ಅಂದಿದ್ದಾರೆ ಮಿಸ್ಸು. ನಾಳೇನೇ ಕೊಡ್ಬೇಕು” ಎನ್ನುತ್ತಾನೆ. ಆಗ ನಾವೇನು ಮಾಡುತ್ತೇವೆ? ಸೌಟು ಕೈಯಲ್ಲಿ ಹಿಡಿದುಕೊಂಡೇ, “ಬರ್ಕೋ. ಒಂದಾನೊಂದು ಊರಿನಲ್ಲಿ ಒಬ್ಬ ಬಡ ರೈತನಿದ್ದನು...” ಎಂದು ಶುರು ಮಾಡುತ್ತೇವೆ. ಅರ್ಧ ಗಂಟೆಯಲ್ಲಿ ಕಥೆ ಮುಗಿಯುತ್ತದೆ. ಕೊನೆಗೊಂದು ನೀತಿಯೂ ಸೇರಿಕೊಳ್ಳುತ್ತದೆ. ಮಗು ಮಲಗುತ್ತದೆ, ನಾವು ಹಿಟ್ಟು ರುಬ್ಬುತ್ತೇವೆ.

ನನ್ನ ದೊಡ್ಡ ಮಗಳ ಕಾಲದಲ್ಲಿ ನಾನೂ ಹೀಗೇ ಮಾಡಿದವಳು. ಅವಳ ಪುಸ್ತಕದಲ್ಲಿ ‘ಗುಡ್’, ‘ವೆರಿ ಗುಡ್’ ಬಿದ್ದಾಗ ನನಗೇ ಬಿತ್ತು ಎನ್ನುವಷ್ಟು ಹಿಗ್ಗುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ನನಗೇ ಬಿದ್ದದ್ದು! ಈಗ ಅವಳು ಕಾಲೇಜಿನಲ್ಲಿದ್ದಾಳೆ. ಎರಡು ಸಾಲಿನ ರಜಾ ಅರ್ಜಿ ಬರೆಯಬೇಕಾದರೂ, “ಅಮ್ಮಾ, ಹೇಗೆ ಶುರು ಮಾಡ್ಲಿ?” ಎಂದು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ತಪ್ಪು ಅವಳದಲ್ಲ, ಅಭ್ಯಾಸ ಮಾಡಿಸಿದವಳು ನಾನು.

ಎರಡನೆಯವನು, ನನ್ನ ಮಗ, ಈಗ ನಾಲ್ಕನೇ ಕ್ಲಾಸು. ಅವನಿಂದ ನಾನು ಒಂದು ಪಾಠ ಕಲಿತೆ. ಸುಲಭವಾಗಿ ಕಲಿಯಲಿಲ್ಲ, ಅವನ ಮನಸ್ಸು ನೋಯಿಸಿ ಕಲಿತೆ. ನಾನು ಹೆಚ್ಚು ಓದಿದವಳಲ್ಲ, ಎಸ್‌ಎಸ್‌ಎಲ್‌ಸಿಗೆ ನನ್ನ ಓದು ಮುಗಿಯಿತು. ಆದರೂ ನಿಮ್ಮ ಮುಂದೆ ಈ ವಿಷಯ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ದೀಪ ಹಿಡಿದ ಹುಡುಗಿ

ನಮ್ಮದು ಮೈಸೂರು. ಮನೆಯ ನಡುಕೋಣೆಯಲ್ಲಿ ನಮ್ಮತ್ತೆಯವರ ಕಾಲದಿಂದಲೂ ಒಂದು ಪಟ ತೂಗುತ್ತಿದೆ. ನೀವೂ ನೋಡಿಯೇ ಇರುತ್ತೀರಿ. ಒಬ್ಬಳು ಹುಡುಗಿ ಸೀರೆ ಉಟ್ಟು, ಹಿತ್ತಾಳೆ ದೀಪ ಹಿಡಿದು ನಿಂತಿದ್ದಾಳೆ. ದೀಪ ಆರದಂತೆ ಇನ್ನೊಂದು ಕೈಯನ್ನು ಅಡ್ಡ ಹಿಡಿದಿದ್ದಾಳೆ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಕಾಣುತ್ತದೆ. ಆ ಬೆಳಕೇ ಅವಳ ಮುಖದ ಮೇಲೂ ಬಿದ್ದಿದೆ.

ಬಹಳ ಜನ ಇದನ್ನು ರವಿವರ್ಮನ ಚಿತ್ರ ಎಂದುಕೊಂಡಿದ್ದಾರೆ. ನಮ್ಮತ್ತೆಯವರೂ ಹಾಗೇ ಹೇಳುತ್ತಿದ್ದರು. ಅಲ್ಲ. ಇದನ್ನು ಬರೆದವರು ಎಸ್. ಎಲ್. ಹಳದಣಕರ್ ಎಂಬ ಮಹಾರಾಷ್ಟ್ರದ ಚಿತ್ರಕಾರರು. 1882ರಲ್ಲಿ ಹುಟ್ಟಿ 1968ರಲ್ಲಿ ತೀರಿಕೊಂಡವರು. 1945-46ರ ಸುಮಾರಿಗೆ ಜಲವರ್ಣದಲ್ಲಿ ಬರೆದ ಚಿತ್ರ ಅದು. ಅಂದರೆ ಎಣ್ಣೆಬಣ್ಣವಲ್ಲ, ನಮ್ಮ ಮಕ್ಕಳು ಶಾಲೆಯಲ್ಲಿ ಬಳಸುವಂಥ ನೀರುಬಣ್ಣ! ಮೂಲಚಿತ್ರ ಇರುವುದು ನಮ್ಮ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ. ನಾನು ಚಿಕ್ಕವಳಾಗಿದ್ದಾಗ ಅಪ್ಪನ ಜೊತೆ ಹೋಗಿ ನೋಡಿದ್ದೆ. ಮಬ್ಬುಗತ್ತಲಲ್ಲಿ ಆ ದೀಪ ನಿಜವಾಗಿ ಉರಿಯುತ್ತಿದೆಯೇನೋ ಅನ್ನಿಸಿ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದು ಇನ್ನೂ ನೆನಪಿದೆ.

ಹೋದ ವರ್ಷ ಮಗನಿಗೆ ಶಾಲೆಯಲ್ಲಿ ಚಿತ್ರ ನೋಡಿ ಕಥೆ ಬರೆಯಲು ಹೇಳಿದಾಗ, “ಆ ಪಟ ಇದೆಯಲ್ಲ, ಅದನ್ನೇ ನೋಡಿ ಬರಿ” ಎಂದೆ. ಆ ದಿನ ಮನೆಗೆ ನೆಂಟರು ಬರುವವರಿದ್ದರು. ಹೇಳಿ ಬರೆಸುವುದಕ್ಕೆ ನನಗೆ ಪುರಸೊತ್ತಿರಲಿಲ್ಲ. ಹಾಗಾಗಿಯೇ ಅವನು ತಾನಾಗಿ ಬರೆದ. ನೆಲದ ಮೇಲೆ ಬೋರಲಾಗಿ ಮಲಗಿ, ಆಗಾಗ ತಲೆ ಎತ್ತಿ ಪಟ ನೋಡುತ್ತಾ ಬರೆದದ್ದು ಇಷ್ಟು:

“ಅಕ್ಕ ದೀಪ ಹಿಡ್ಕೊಂಡು ಹೋಗ್ತಾ ಇದಾಳೆ. ಅಜ್ಜಿ ರೂಮಿಗೆ ಹೋಗ್ತಾ ಇದಾಳೆ. ಅಜ್ಜಿ ಕಣ್ಣಿಗೆ ಬೆಳಕು ಬೀಳಬಾರದು ಅಂತ ಕೈ ಅಡ್ಡ ಹಿಡಿದಿದಾಳೆ. ಬಾಗಿಲು ತೆಗೆದಳು. ಮಂಚ ಇದೆ. ಅಜ್ಜಿ ಇಲ್ಲ. ಎಲ್ಲಿಗೆ ಹೋದರು ಅಂತ ಅವಳಿಗೆ ಯಾರೂ ಹೇಳಲಿಲ್ಲ. ದೀಪ ಅಲ್ಲೇ ಇಟ್ಟು ವಾಪಸ್ ಬಂದಳು.”

ಓದಿದೆ. ಕೆಂಪು ಪೆನ್ನು ತೆಗೆದುಕೊಂಡೆ. ‘ಇದಾಳೆ’ ಇದ್ದ ಕಡೆಯೆಲ್ಲ ‘ಇದ್ದಾಳೆ’ ಮಾಡಿದೆ. ‘ಹಿಡ್ಕೊಂಡು’ ಹೊಡೆದು ‘ಹಿಡಿದುಕೊಂಡು’ ಎಂದು ಬರೆದೆ. ಆಮೇಲೆ, “ಕಥೆ ಹೀಗೆ ಅರ್ಧಕ್ಕೆ ನಿಲ್ಲಿಸಬಾರದು ಪುಟ್ಟಾ. ಕೊನೇಲಿ, ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದರು, ಪ್ರಸಾದ ತಗೊಂಡು ವಾಪಸ್ ಬಂದರು ಅಂತ ಬರಿ. ಚೆನ್ನಾಗಿರುತ್ತೆ” ಎಂದೆ. ಅವನು ಮಾತಾಡದೆ ನಾನು ಹೇಳಿದ ಹಾಗೇ ಬರೆದ. ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದ.

ನೆಂಟರು ಹೋದರು. ಪಾತ್ರೆ ತೊಳೆದಿಟ್ಟು, ದೀಪ ಆರಿಸಿ ಮಲಗಿದ ಮೇಲೆ ನನಗೆ ಧಸಕ್ಕೆಂದಿತು. ನಮ್ಮತ್ತೆಯವರು ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಅವರು ಹೋದದ್ದು ನಡುರಾತ್ರಿ. ಮಗು ಹೆದರೀತು ಎಂದು ನಿದ್ದೆಗಣ್ಣಿನಲ್ಲೇ ಅವನನ್ನು ಎತ್ತಿಕೊಂಡು ಹೋಗಿ ಎದುರು ಮನೆಯಲ್ಲಿ ಮಲಗಿಸಿದ್ದೆವು. ಎರಡು ದಿನ ಅಲ್ಲೇ ಇದ್ದ. ವಾಪಸ್ ಬಂದಾಗ ಅಜ್ಜಿಯ ಮಂಚ ಖಾಲಿ. “ಅಜ್ಜಿ ಎಲ್ಲಿ?” ಎಂದು ಕೇಳಿದ್ದಕ್ಕೆ, “ದೇವರ ಹತ್ರ ಹೋಗಿದ್ದಾರೆ” ಎಂದು ಯಾರೋ ಹೇಳಿದರು. ಅಷ್ಟೇ. ಆಮೇಲೆ ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕರ್ಮಾಂತರದ ಗಡಿಬಿಡಿ, ಬಂದವರು ಹೋದವರು. ಮಗು ಆಟವಾಡಿಕೊಂಡಿದೆ, ಮರೆತಿದೆ ಎಂದುಕೊಂಡೆವು.

ಅವನು ಮರೆತಿರಲಿಲ್ಲ. ಎಂಟು ತಿಂಗಳು ಬಾಯಲ್ಲಿ ಬಾರದ್ದನ್ನು ಎಂಟು ಸಾಲಿನಲ್ಲಿ ಬರೆದು ನನ್ನ ಕೈಗೆ ಕೊಟ್ಟಿದ್ದ. ನಾನು ಒತ್ತಕ್ಷರ ತಿದ್ದಿದೆ! ಸತ್ತ ಅಜ್ಜಿಯನ್ನು ಪ್ರಸಾದದ ಜೊತೆ ವಾಪಸ್ ಕರೆಸಿದೆ!

ಮಾರನೆಯ ದಿನ ಶಾಲೆಯಿಂದ ಬಂದವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ರಾತ್ರಿ ಏನಾಯಿತು, ಅಜ್ಜಿಗೆ ಏನು ಕಾಯಿಲೆ ಇತ್ತು, ಎಲ್ಲಿಗೆ ಕರೆದುಕೊಂಡು ಹೋದೆವು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಳಲಿಲ್ಲ. “ನನ್ನನ್ನ ಯಾಕೆ ಎಬ್ಬಿಸಲಿಲ್ಲ?” ಎಂದು ಒಂದೇ ಪ್ರಶ್ನೆ ಕೇಳಿದ. ತಪ್ಪಾಯಿತು ಎಂದೆ. “ನಿನ್ನ ಮೊದಲನೇ ಕಥೇನೇ ಚೆನ್ನಾಗಿತ್ತು. ಅದನ್ನೇ ಇನ್ನೊಂದ್ಸಲ ಬರೀತೀಯಾ?” ಎಂದು ಕೇಳಿದ್ದಕ್ಕೆ “ಬೇಡ” ಎಂದ. ಆಮೇಲೆ ಎರಡು ತಿಂಗಳು ಅವನು ಒಂದು ಕಥೆಯನ್ನೂ ಬರೆಯಲಿಲ್ಲ.

ಪೆನ್ನು ಅವನ ಕೈಗೆ

ಬಲವಂತ ಮಾಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನೇ ಒಂದು ಹಾಳೆ ತೆಗೆದುಕೊಂಡು ಅವನ ಎದುರು ಕುಳಿತೆ. ಮೊಬೈಲಿನಲ್ಲಿ ರವಿವರ್ಮನ ಒಂದು ಚಿತ್ರ ತೆಗೆದಿಟ್ಟುಕೊಂಡೆ. 1893ರಲ್ಲಿ ಬರೆದದ್ದು. ಅದರ ಇಂಗ್ಲಿಷ್ ಹೆಸರಿಗೆ ‘ಅಗೋ, ಅಪ್ಪ ಬಂದರು’ ಎಂದು ಅರ್ಥ. ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ, ಹತ್ತಿರದಲ್ಲಿ ನಾಯಿ ಇದೆ. ತಾಯಿಯ ನೋಟವೆಲ್ಲ ಚಿತ್ರದ ಆಚೆಗೆ. ಅಪ್ಪ ಮಾತ್ರ ಚಿತ್ರದಲ್ಲಿ ಎಲ್ಲೂ ಇಲ್ಲ! ತನ್ನ ಮಗಳು ಮಹಾಪ್ರಭಾಳನ್ನೇ ಎದುರಿಗೆ ನಿಲ್ಲಿಸಿಕೊಂಡು ರವಿವರ್ಮ ಬರೆದ ಚಿತ್ರವಂತೆ ಇದು.

ನಾನು ಒಂದು ಕಥೆ ಬರೆದೆ. ಬೇಕೆಂದೇ ನಾಲ್ಕು ತಪ್ಪು ಮಾಡಿದೆ. ಬೇಡವೆಂದರೂ ಇನ್ನೆರಡು ತಾನಾಗಿಯೇ ಆದವು. ಕೆಂಪು ಪೆನ್ನು ಅವನ ಕೈಗೆ ಕೊಟ್ಟು, “ತಿದ್ದಿಕೊಡು” ಎಂದೆ. ಏನು ಗಾಂಭೀರ್ಯ ಅಂತೀರಿ! ಆರೂ ತಪ್ಪು ಹಿಡಿದ. ಹತ್ತಕ್ಕೆ ಐದು ಕೊಟ್ಟ. ಆಮೇಲೆ, “ಅಮ್ಮಾ, ನಿನ್ನ ಕಥೇಲಿ ಅಪ್ಪ ಬರ್ತಾರೆ, ಸರಿ. ಆದ್ರೆ ನಾಯಿ ಯಾಕೆ ಬಾಲ ಅಲ್ಲಾಡಿಸ್ತಾ ಓಡಿ ಹೋಗಿಲ್ಲ? ಅಪ್ಪ ಬಂದ್ರೆ ನಾಯೀನೇ ಫಸ್ಟ್ ಓಡೋದು. ಬಂದಿರೋದು ಅಪ್ಪ ಅಲ್ಲ, ಹಾವಾಡಿಗ” ಎಂದ. “ಹಾಗಾದ್ರೆ ನೀನೇ ಬರಿ ನೋಡೋಣ” ಎಂದೆ. ಬರೆದ. ಒಂದೂವರೆ ಪುಟ!

ಅಂದಿನಿಂದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಚಿತ್ರ-ಕಥೆಯ ಹೊತ್ತು. ಎದುರು ಮನೆಯ ಇಬ್ಬರು, ಹಿಂದಿನ ಬೀದಿಯ ಒಬ್ಬಳು ಬಂದು ಸೇರುತ್ತಾರೆ. ಒಂದು ವರ್ಷದಿಂದ ನಡೆದು ಬಂದಿರುವ ಈ ಅಭ್ಯಾಸದಲ್ಲಿ ನನಗೆ ಉಪಯೋಗಕ್ಕೆ ಬಂದದ್ದನ್ನು ಈಗ ಒಂದೊಂದಾಗಿ ಹೇಳುತ್ತೇನೆ.

ಎಂಥ ಚಿತ್ರ ಆರಿಸಬೇಕು?

ದುಡ್ಡು ಖರ್ಚು ಮಾಡಿ ತರಬೇಕಾಗಿಲ್ಲ. ಹಳೇ ಕ್ಯಾಲೆಂಡರು, ಮದುವೆ ಕಾಗದ, ದೇವರ ಮನೆಯ ಪಟ, ಎಲ್ಲವೂ ಆದೀತು. ಮನೆಮನೆಯಲ್ಲಿ ದೇವರ ಪಟ ತೂಗುವಂತೆ ಮಾಡಿದವರಲ್ಲಿ ಮೊದಲಿಗನೇ ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ತನ್ನ ಚಿತ್ರಗಳನ್ನು ಕಡಿಮೆ ಬೆಲೆಗೆ ಸಿಗುವಂತೆ ಮಾಡಿದ. ನಿಮ್ಮಜ್ಜಿಯ ಮನೆಯ ಅಟ್ಟದಲ್ಲಿ ಹುಡುಕಿದರೆ ಸರಸ್ವತಿಯದೋ ಲಕ್ಷ್ಮಿಯದೋ ಒಂದು ಪಟ ಸಿಕ್ಕರೂ ಸಿಗಬಹುದು.

ಆರಿಸುವಾಗ ಒಂದು ಮಾತು ನೆನಪಿಡಿ. ಚಿತ್ರದಲ್ಲಿ ಏನೋ ಒಂದು ಕಾಣದೆ ಉಳಿದಿರಬೇಕು. ದೀಪದ ಹುಡುಗಿ ಎಲ್ಲಿಗೆ ಹೋಗುತ್ತಿದ್ದಾಳೆ? ಕಾಣುವುದಿಲ್ಲ. ತಾಯಿ ಏನು ನೋಡುತ್ತಿದ್ದಾಳೆ? ಕಾಣುವುದಿಲ್ಲ. ಅಲ್ಲಿಯೇ ಮಗುವಿನ ಕಥೆಗೆ ಜಾಗ ಇರುವುದು. ಎಲ್ಲವನ್ನೂ ತೋರಿಸಿಬಿಡುವ ಚಿತ್ರವಾದರೆ ಮಗು ಬರೀ ಪಟ್ಟಿ ಬರೆಯುತ್ತದೆ: ಮರ ಇದೆ, ಮನೆ ಇದೆ, ಹಸು ಇದೆ.

ನಾನು ಚಿಕ್ಕವಳಿದ್ದಾಗ ನಮಗೆ ‘ಚಂದಮಾಮ’ ಬರುತ್ತಿತ್ತು. ಅದು ನಿಂತು ಈಗ ಹತ್ತು ವರ್ಷದ ಮೇಲಾಯಿತು. ಹೆಗಲ ಮೇಲೆ ಶವ ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮರಾಜನ ಚಿತ್ರವನ್ನು ಮರೆಯುವುದುಂಟೇ? ಅದನ್ನು ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಪುಸ್ತಕ ಬಂದ ದಿನ ಅಣ್ಣ ಓದುತ್ತಿರುವಾಗ ನಾನು ಆಚೆ ಬದಿಯಿಂದ ಚಿತ್ರ ಮಾತ್ರ ನೋಡಿ ನನ್ನದೇ ಒಂದು ಕಥೆ ಕಟ್ಟಿಕೊಳ್ಳುತ್ತಿದ್ದೆ. ಆಮೇಲೆ ಓದಿದಾಗ ಅದಕ್ಕೂ ಇದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಎಷ್ಟೋ ಸಲ ನನ್ನದೇ ಚೆನ್ನಾಗಿದೆ ಅನ್ನಿಸುತ್ತಿತ್ತು! ಆ ಸುಖ ನಮ್ಮ ಮಕ್ಕಳಿಗೂ ಸಿಗಲಿ.

ಮೊದಲು ನೋಡಲಿ

ಚಿತ್ರ ಕೊಟ್ಟ ಕೂಡಲೇ “ಬರಿ” ಎನ್ನಬೇಡಿ. ಅಕ್ಕಿ ನೆನೆಯದೆ ರುಬ್ಬಿದರೆ ದೋಸೆ ಆದೀತೇ? ಐದು ನಿಮಿಷ ಸುಮ್ಮನೆ ನೋಡಲಿ. ಆಮೇಲೆ ಚಿತ್ರವನ್ನು ಮುಚ್ಚಿಟ್ಟು, “ಏನೇನು ನೋಡಿದೆ, ಹೇಳು” ಎನ್ನಿ. ಹೇಳಿದ ಮೇಲೆ ಮತ್ತೆ ತೋರಿಸಿ. “ಅಯ್ಯೋ, ಇದು ನೋಡಲೇ ಇಲ್ಲ!” ಎಂದು ಮಕ್ಕಳೇ ಕೂಗುತ್ತಾರೆ. ಚಿತ್ರದೊಳಗೆ ಅವರು ಹೊಕ್ಕಿದ್ದಾರೆ ಎನ್ನುವುದಕ್ಕೆ ಅದೇ ಗುರುತು.

ಈ ಹೊತ್ತಿನಲ್ಲಿ ಚಿತ್ರದ ಚರಿತ್ರೆ, ಬರೆದವರ ಹೆಸರು, ಇಸವಿ ಇವುಗಳನ್ನು ಹೇಳಲು ಹೋಗಬೇಡಿ. ಅದೆಲ್ಲ ಕಥೆ ಬರೆದಾದ ಮೇಲೆ. ಮೊದಲೇ ಹೇಳಿದರೆ ಮಗು ಅದನ್ನೇ ಸರಿ ಉತ್ತರ ಎಂದುಕೊಂಡು ತನ್ನ ಕಥೆಯನ್ನು ಬಿಟ್ಟುಬಿಡುತ್ತದೆ.

ಕೇಳುವ ಪ್ರಶ್ನೆ ಹೇಗಿರಬೇಕು?

“ಈ ಹುಡುಗಿ ಪೂಜೆಗೆ ಹೋಗ್ತಿದ್ದಾಳೆ, ಅಲ್ವಾ?” ಎಂದು ಕೇಳಿದರೆ ಮಗು ಹೂಂ ಎನ್ನುತ್ತದೆ. ಅಲ್ಲಿಗೆ ಮುಗಿಯಿತು. ಅದು ಪ್ರಶ್ನೆಯಲ್ಲ, ನಮ್ಮ ಉತ್ತರಕ್ಕೆ ಬಾಲ ಅಂಟಿಸಿದ್ದು. ಅದರ ಬದಲು ಹೀಗೆ ಕೇಳಿ ನೋಡಿ:

ಈ ಚಿತ್ರದ ಒಳಗೆ ಈಗ ಯಾವ ಸದ್ದು ಕೇಳಿಸುತ್ತಿದೆ?

ಗಾಳಿ ಎಲ್ಲಿಂದ ಬರುತ್ತಿದೆ?

ಇದಕ್ಕಿಂತ ಐದು ನಿಮಿಷ ಮುಂಚೆ ಇವಳು ಏನು ಮಾಡುತ್ತಿದ್ದಳು? ಇನ್ನು ಐದು ನಿಮಿಷಕ್ಕೆ ಏನಾಗುತ್ತದೆ?

ಇವಳಿಗೆ ಗೊತ್ತಿದ್ದು, ಬೇರೆ ಯಾರಿಗೂ ಗೊತ್ತಿಲ್ಲದ ಸಂಗತಿ ಯಾವುದು?

ನೀನು ಆ ಕೋಣೆಗೆ ಹೋದರೆ ಇವಳನ್ನು ಏನು ಕೇಳುತ್ತೀಯಾ?

ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಬೇಡಿ. ಒಂದು ಕೇಳಿ, ಸುಮ್ಮನಿರಿ. ಈ ಸುಮ್ಮನಿರುವುದೇ ನಮಗೆ ಬಲು ಕಷ್ಟ. ಮಗು ಎರಡು ನಿಮಿಷ ಮಾತಾಡದಿದ್ದರೆ ನಮಗೆ ತಡೆಯಲಾಗುವುದಿಲ್ಲ, ನಾವೇ ಹೇಳಿಬಿಡುತ್ತೇವೆ. ನಾನಂತೂ ಅವರೇಕಾಳು ಚಿಲುಕಿಸುತ್ತಾ ಕೂರುತ್ತೇನೆ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ.

ಇನ್ನೊಂದು ಉಪಾಯ, ಕಥೆ ಹೇಳುವವರನ್ನು ಬದಲಾಯಿಸುವುದು. ಗೊತ್ತಿರುವ ಪುರಾಣ ಕಥೆಯ ಚಿತ್ರಕ್ಕೆ ಇದು ಬಹಳ ಚೆನ್ನಾಗಿ ಒದಗುತ್ತದೆ. ಶಕುಂತಲೆ ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ಹಿಂತಿರುಗಿ ನೋಡುವ ರವಿವರ್ಮನ ಚಿತ್ರವಿದೆಯಲ್ಲ, ಅದರ ಕಥೆಯನ್ನು ಅವಳ ಗೆಳತಿ ಹೇಳಿದರೆ ಹೇಗಿರುತ್ತದೆ? ಹಂಸ ದಮಯಂತಿಯ ಕಥೆಯನ್ನು ಹಂಸವೇ ಹೇಳಿದರೆ? “ಅಷ್ಟು ದೂರ ಹಾರಿ ಬಂದು ರೆಕ್ಕೆ ನೋಯ್ತಾ ಇದೆ, ಇವಳು ಬರೀ ನಳನ ವಿಷಯಾನೇ ಕೇಳ್ತಾಳೆ, ನನಗೊಂದು ಲೋಟ ನೀರು ಕೊಡಲಿಲ್ಲ” ಎಂದು ಬರೆದಳು ಹಿಂದಿನ ಬೀದಿಯ ಹುಡುಗಿ. ನಕ್ಕು ನಕ್ಕು ಸಾಕಾಯಿತು.

ವಯಸ್ಸಿಗೆ ತಕ್ಕಂತೆ

ಆರೇಳು ವರ್ಷದ ಒಳಗಿನ ಮಕ್ಕಳಿಗೆ ಬರೆಯುವುದೇ ಒಂದು ಶ್ರಮ. ಅವರು ಹೇಳಲಿ, ನೀವು ಬರೆದುಕೊಳ್ಳಿ. ಆದರೆ ಅವರು ಹೇಳಿದ ಹಾಗೇ ಬರೆಯಬೇಕು. ‘ನಾಯಿ ಬೌ ಅಂತು’ ಎಂದರೆ ‘ನಾಯಿಯು ಬೊಗಳಿತು’ ಮಾಡಬೇಡಿ. ಆಮೇಲೆ ಓದಿ ಹೇಳಿ. ತನ್ನ ಮಾತು ಕಾಗದದ ಮೇಲೆ ಕೂತಿರುವುದನ್ನು ಕೇಳಿ ಮಗುವಿನ ಮುಖ ಅರಳುವುದನ್ನು ನೋಡಬೇಕು! ಇಂಥ ಪುಟ್ಟ ಮಕ್ಕಳಿಗೆ ಹಸೆ ಚಿತ್ತಾರದಂಥ ಸರಳ ಚಿತ್ರ ಒಳ್ಳೆಯದು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಮದುವೆಯ ಹೊತ್ತಿಗೆ ಗೋಡೆಯ ಮೇಲೆ ಬರೆಯುತ್ತಾರಲ್ಲ, ಅದು. ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ, ಇಷ್ಟರಲ್ಲೇ ಇಡೀ ಮದುವೆ ಮನೆ ಮೂಡಿಸುತ್ತಾರೆ. ಪಲ್ಲಕ್ಕಿ, ಹಕ್ಕಿ, ಗಂಡು-ಹೆಣ್ಣು ಎಲ್ಲ ಬರೀ ಗೆರೆಗಳಲ್ಲಿ. “ಪಲ್ಲಕ್ಕಿ ಒಳಗೆ ಯಾರಿದ್ದಾರೆ?” ಎಂದು ಕೇಳಿದರೆ ಸಾಕು.

ಎಂಟರಿಂದ ಹತ್ತು ವರ್ಷದವರು ಮೊದಲು ಬಾಯಲ್ಲಿ ಹೇಳಿ, ಆಮೇಲೆ ತಾವೇ ಬರೆಯಲಿ. ಹತ್ತೇ ಸಾಲಾದರೂ ಸಾಕು.

ಅದಕ್ಕಿಂತ ದೊಡ್ಡವರಿಗೆ ಜನ ತುಂಬಿದ ಚಿತ್ರ ಕೊಡಿ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲೇ ರವಿವರ್ಮನ ಇನ್ನೊಂದು ಹೆಸರುವಾಸಿ ಚಿತ್ರವಿದೆ. ಹನ್ನೊಂದು ಹೆಂಗಸರು, ಬೇರೆ ಬೇರೆ ಪ್ರಾಂತದ ಉಡುಗೆ ತೊಟ್ಟು, ಸಂಗೀತಕ್ಕಾಗಿ ಒಟ್ಟಿಗೆ ಸೇರಿದ್ದಾರೆ. ಒಬ್ಬೊಬ್ಬ ಮಗುವೂ ಒಬ್ಬೊಬ್ಬಳನ್ನು ಆರಿಸಿಕೊಳ್ಳಲಿ. ಇವಳು ಯಾವ ಊರಿನಿಂದ ಬಂದಳು, ಮನೆಯಲ್ಲಿ ಯಾರನ್ನು ಬಿಟ್ಟು ಬಂದಳು, ಪಕ್ಕದವಳ ಭಾಷೆ ಇವಳಿಗೆ ತಿಳಿಯುತ್ತದೆಯೇ? ರಜೆಯಲ್ಲಿ ಹಂಪೆಗೆ ಹೋದರೆ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದಲ್ಲಿ ತಲೆ ಎತ್ತಿ ನೋಡುವಂತೆ ಹೇಳಿ. ಚಾವಣಿಯ ಮೇಲೆ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಇದೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನನಿದ್ದಾನೆ. ಪಲ್ಲಕ್ಕಿ ಹೊತ್ತವನ ಕಥೆ ಬರೆಯಲು ಹೇಳಿ ನೋಡಿ.

ತಪ್ಪು ತಿದ್ದುವುದು ಯಾವಾಗ?

ತಿದ್ದಲೇಬಾರದು ಎಂದು ನಾನು ಹೇಳುವುದಿಲ್ಲ. ಕಾಗುಣಿತ ಸರಿ ಬರಬೇಡವೇ? ಬರಬೇಕು. ಆದರೆ ಎರಡು ಓದು ಬೇರೆ ಬೇರೆ ಇರಲಿ. ಮೊದಲ ಓದು ಕಥೆಗಾಗಿ. ಕೈಯಲ್ಲಿ ಪೆನ್ನು ಇರಕೂಡದು. ಓದಿ ಮುಗಿಸಿ ನಿಮಗೆ ಹಿಡಿಸಿದ ಒಂದು ಮಾತನ್ನು ಹೆಸರಿಸಿ ಹೇಳಿ. ಬರೀ “ಚೆನ್ನಾಗಿದೆ” ಎಂದರೆ ಮಗುವಿಗೆ ಗೊತ್ತಾಗುತ್ತದೆ, ಅಮ್ಮ ಓದಿಲ್ಲ ಎಂದು! “ನಾಯಿ ಓಡಿಲ್ಲ ಅಂತ ಬರೆದಿದ್ದೀಯಲ್ಲ, ಅದು ನನಗೆ ಹೊಳೆದೇ ಇರಲಿಲ್ಲ” ಎನ್ನಿ. ಆಮೇಲೆ, ಅರ್ಥವಾಗದ್ದನ್ನು ಕೇಳಿ.

ಎರಡನೆಯ ಓದು ಮರುದಿನ. ಎರಡೋ ಮೂರೋ ತಪ್ಪು ಮಾತ್ರ, ಬೇರೆ ಚೀಟಿಯಲ್ಲಿ ಬರೆದು ತೋರಿಸಿ. ಕಥೆಯ ಹಾಳೆಯ ಮೇಲೆ ಬೇಡ. ಅದು ಮಗುವಿನದು.

ಕೊನೆಗೊಂದು ನೀತಿ ಇರಲೇಬೇಕು ಎಂಬ ಹಟವೂ ಬೇಡ. ಮಕ್ಕಳ ಕಥೆ ಕೆಲವು ಸಲ ಸುಮ್ಮನೆ ನಿಂತುಬಿಡುತ್ತದೆ. ನಿಲ್ಲಲಿ.

ಕಥೆ ದುಃಖದ್ದಾದರೆ?

ಇದನ್ನು ನಾನು ಒತ್ತಿ ಹೇಳಬೇಕು. ಮಗು ಅಳುವ ಕಥೆ, ಹೆದರುವ ಕಥೆ, ಯಾರೋ ಬಿಟ್ಟುಹೋದ ಕಥೆ ಬರೆದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ‘ಮಂಗಳವಾಗಿ ಮುಗಿಸು’ ಎನ್ನಬೇಕೆನಿಸುತ್ತದೆ. ಎನ್ನಬೇಡಿ. ಪ್ರತಿಯೊಂದು ದುಃಖದ ಕಥೆಯೂ ಮನೆಯ ಕಥೆಯೇ ಆಗಿರುವುದಿಲ್ಲ, ಮಕ್ಕಳು ಸುಮ್ಮನೆ ಕಲ್ಪಿಸಿಯೂ ಬರೆಯುತ್ತಾರೆ. ಪೊಲೀಸರ ಹಾಗೆ ವಿಚಾರಣೆಗೂ ಇಳಿಯಬೇಡಿ. “ಆ ಹುಡುಗಿಗೆ ಆಗ ಹೇಗನ್ನಿಸಿತು?” ಎಂದು ಕಥೆಯೊಳಗಿನವಳ ಬಗ್ಗೆಯೇ ಕೇಳಿ. ಹೇಳಬೇಕೆನಿಸಿದರೆ ಮಗು ಅವಳ ಹೆಸರಿನಲ್ಲಿ ಹೇಳುತ್ತದೆ. ಹೇಳದಿದ್ದರೂ ಅಮ್ಮ ಕೇಳಿದಳು ಎನ್ನುವುದು ಅದಕ್ಕೆ ಗೊತ್ತಿರುತ್ತದೆ. ವಾರಗಟ್ಟಲೆ ಅದೇ ಭಯದ ಕಥೆ ಮರಳಿ ಮರಳಿ ಬಂದು, ಊಟ ನಿದ್ದೆಯೂ ಕೆಟ್ಟರೆ ಮಾತ್ರ ಟೀಚರ ಹತ್ತಿರ, ಬೇಕಾದರೆ ವೈದ್ಯರ ಹತ್ತಿರ ಮಾತಾಡಿ.

ಕಥೆಗಳನ್ನು ಎಸೆಯಬೇಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ಕು ಇಡಿ. ಎಡಗಡೆ ಚಿತ್ರ ಅಂಟಿಸಿ, ಇಲ್ಲವೇ ಮಗುವೇ ನೋಡಿ ಬರೆಯಲಿ. ಬಲಗಡೆ ಕಥೆ. ಕೆಳಗೆ ತಾರೀಖು. ಚಿತ್ರಶಾಲೆಗೆ ಕರೆದುಕೊಂಡು ಹೋಗುವುದಾದರೆ ಆ ದಿನ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಎಲ್ಲ ಚಿತ್ರವನ್ನೂ ತೋರಿಸುವ ಆಸೆ ಬೇಡ. ಎರಡು ಚಿತ್ರದ ಮುಂದೆ ಹತ್ತು ಹತ್ತು ನಿಮಿಷ ನಿಂತರೆ ಬೇಕಾದಷ್ಟಾಯಿತು.

ಅವನ ಮೊದಲ ಕಥೆ

ಮೊನ್ನೆ ಬೇಸಿಗೆ ರಜೆ ಶುರುವಾದಾಗ ಮಗ ತಾನಾಗಿಯೇ ಆ ಹಳೇ ಪುಸ್ತಕ ತಂದು ದೀಪದ ಹುಡುಗಿಯ ಕಥೆಯನ್ನು ಹೊಸ ನೋಟ್‌ಬುಕ್ಕಿಗೆ ನಕಲು ಮಾಡಿದ. ನಾನು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದೆ, ಮಾತಾಡಲಿಲ್ಲ. ಪ್ರಸಾದದ ಸಾಲುಗಳನ್ನು ಬಿಟ್ಟುಬಿಟ್ಟ. ‘ಇದಾಳೆ’ಯನ್ನು ‘ಇದಾಳೆ’ ಎಂದೇ ಉಳಿಸಿಕೊಂಡ.

ಅವನು ಬರೆದು ಮುಗಿಸಿದ ಮೇಲೆ ಆ ಚಿತ್ರದ ನಿಜವಾದ ಸಂಗತಿ ಹೇಳಿದೆ. ದೀಪ ಹಿಡಿದು ನಿಂತವಳು ಚಿತ್ರಕಾರರ ಮಗಳು ಗೀತಾ. ಅಪ್ಪ ಬರೆಯುವಷ್ಟು ಹೊತ್ತು ದೀಪ ಹಿಡಿದು ಅಲುಗಾಡದೆ ನಿಂತಿದ್ದಳು. ಮದುವೆಯಾದ ಮೇಲೆ ಅವರ ಹೆಸರು ಗೀತಾ ಉಪಳೇಕರ್. 2018ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ. ನೀರುಬಣ್ಣವನ್ನು ಎಣ್ಣೆಬಣ್ಣದ ಹಾಗೆ ಮೇಲೆ ಮೇಲೆ ಬಳಿದು ತಿದ್ದುವುದಕ್ಕೆ ಆಗುವುದಿಲ್ಲ, ಕುಂಚ ಇಟ್ಟದ್ದು ಇಟ್ಟ ಹಾಗೇ ನಿಲ್ಲಬೇಕು ಎಂದೂ ಹೇಳಿದೆ.

ಅವನಿಗೆ ಬಣ್ಣದ ವಿಷಯ ಬೇಕಿರಲಿಲ್ಲ. ಪಟವನ್ನೇ ಬಹಳ ಹೊತ್ತು ನೋಡಿ, “ಹಾಗಾದ್ರೆ ಆ ಅಕ್ಕಾನೂ ಅಜ್ಜಿ ಆದ್ರಾ?” ಎಂದ.

“ಹೂಂ. ಆದ್ರು” ಎಂದೆ.

“ಅದನ್ನೂ ಬರೀಬೇಕು” ಎಂದು ಪೆನ್ಸಿಲ್ ಚೂಪು ಮಾಡಲು ಎದ್ದು ಹೋದ. ಆ ಕಥೆ ಇನ್ನೂ ಮುಗಿದಿಲ್ಲ. ನಾನೂ ಕೇಳಿಲ್ಲ.

ಸೋದರಿಯರೇ, ಈ ಭಾನುವಾರ ಊಟವಾದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಗೋಡೆಯ ಮೇಲಿರುವ ಯಾವುದಾದರೂ ಪಟ ಇಳಿಸಿ, ಧೂಳು ಒರೆಸಿ, ಮಗುವಿನ ಮುಂದಿಡಿ. ಒಂದೇ ಒಂದು ಪ್ರಶ್ನೆ ಕೇಳಿ. ಕೆಂಪು ಪೆನ್ನನ್ನು ಮಾತ್ರ ಆ ಹೊತ್ತಿಗೆ ಎಲ್ಲಾದರೂ ಎತ್ತಿಡಿ.